ಕಲ್ಲವ್ವನ ಕುಡುಗೋಲು

ಈ ಹಗ್ಗದೊಳಗೆ ಬೀಸುಕಲ್ಲು ಕೂತರೆ ಮನುಷ್ಯರು ಎಲ್ಲಿ ಕೂಡಬೇಕು, ಮೂರು ಜನ, ಅದರಲ್ಲೊಬ್ಬ ಗಂಡಸು, ಕಾಲು ಚಾಚದೆ ಒಂದು ದಿನವೂ ಮಲಗಿದವನಲ್ಲ — ಪಡಸಾಲೆಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತ ಬಾಳವ್ವ ನೆಲದ ಮೇಲಿನ ಹಗ್ಗದ ಗುಂಟ ಕಣ್ಣಲ್ಲೇ ಒಂದು ಸುತ್ತು ನಡೆದು ಬರುತ್ತಾಳೆ, ನಾಲ್ಕು ಮೂಲೆಗೆ ನಾಲ್ಕು ಗಂಟು, ಗಂಟು ಸರಿಯದ ಹಾಗೆ ಒಂದೊಂದರ ಮೇಲೆ ಒಂದೊಂದು ಕಲ್ಲು, ಬಾಗಿಲು ಬರುವ ಕಡೆ ಎರಡು ಚಿಕ್ಕ ಗಂಟು. ನರಗುಂದದ ಎಣ್ಣೆ ಗಿರಣಿಯವರು ಗಂಡ ಹೇಮಪ್ಪನಿಗೆ ಕೆಲಸದ ಜೊತೆ ಕೊಟ್ಟ ಖೋಲಿ ಇಷ್ಟೇ. ಅವನೇ ಹೋಗಿ ಗೋಡೆಗುಂಟ ಹಗ್ಗ ಹಿಡಿದು ಅಳೆದು, ಸುತ್ತಿ ಹೆಗಲಿಗೆ ಹಾಕಿಕೊಂಡು ಊರಿಗೆ, ಯಾವಗಲ್ಲಿಗೆ, ತಂದು, ನಿನ್ನೆ ಸಂಜೆ ಇಲ್ಲಿ ಹಾಸಿ, ನೋಡ, ಇದರಾಗ ಎಷ್ಟ ಹಿಡಸತೈತಿ ಅಷ್ಟ ನಮ್ಮದು, ಉಳದದ್ದು ಮಂದೀದು, ಅಂದಿದ್ದ. ಒಂದು ಮನೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದ ಮನುಷ್ಯನನ್ನು ಆಕೆ ಮೊದಲು ಕಂಡಿರಲಿಲ್ಲ, ನಗು ಬಂದಿತ್ತು, ಅವನ ಮುಖ ನೋಡಿ ನುಂಗಿಕೊಂಡಿದ್ದಳು. ನಾಳೆ ನಸುಕಿಗೆ ಚಕ್ಕಡಿ ಬರುತ್ತದೆ, ಒಂದೇ ಚಕ್ಕಡಿ. ಹಗ್ಗದೊಳಗೆ ಈಗ ಟ್ರಂಕು ಕೂತಿದೆ, ಎರಡು ತಾಮ್ರದ ಕೊಡ, ದೇವರ ಬುಟ್ಟಿ, ಹಾಸಿಗೆಯ ಸುರುಳಿ, ಒಲೆಗೆಂದು ಬಿಟ್ಟ ಮೂಲೆ ಖಾಲಿ, ಇನ್ನು ಬೀಸುಕಲ್ಲು — ಅಲ್ಲಿ ಹಿಟ್ಟಿನ ಗಿರಣಿ ಐತಿ, ಅದನ್ಯಾಕ ಹೊರತಿ, ಅಂತಾನೆ. ಹಾಗಾದರೆ ನಸುಕಿನಲ್ಲಿ ಎದ್ದ ಕೈ ಏನು ಮಾಡಬೇಕು, ಹನ್ನೊಂದು ವರ್ಷ ಈ ಗೂಟ ಹಿಡಿದ ಕೈ, ಜೋಳದ ಬುಟ್ಟಿ ಹೊತ್ತು ಗಿರಣಿಯ ಮುಂದೆ ಸರತಿ ನಿಲ್ಲುವುದನ್ನು ಕಲಿಯುತ್ತದೇನೋ, ಕಲಿಯದೆ ಏನು, ಕೈಗೆ ಏನು ಕಲಿಸಿದರೂ ಕಲಿಯುತ್ತದೆ. ಬೀಸುಕಲ್ಲನ್ನು ಹಗ್ಗದ ಒಳಗೆ ತಳ್ಳಿದಳು, ಹೊರಗೆ ತಳ್ಳಿದಳು, ಮತ್ತೆ ಒಳಗೆ.

ಗಾಣ ಮಾತ್ರ ಈ ಹಗ್ಗದ ಲೆಕ್ಕಕ್ಕೇ ಬರುವುದಿಲ್ಲ, ಹಿತ್ತಲ ಕೊಟ್ಟಿಗೆಯಲ್ಲಿ ಅರ್ಧ ನೆಲದೊಳಗೆ ಹೂತು ಕೂತಿದೆ, ಅದನ್ನು ಕಿತ್ತರೆ ಮನೆಯೇ ಬಿದ್ದೀತು. ಮಾವ ಕೂಡಿಸಿದ್ದಂತೆ, ಆಕೆ ಮದುವೆಯಾಗಿ ಬಂದಾಗ ಹಗಲೆಲ್ಲ ಕಿರ್‍ ಅಂತ ತಿರುಗುತ್ತಿತ್ತು, ಕುಸುಬಿ ಎಣ್ಣೆಯ ವಾಸನೆ ಸೀರೆಗೆ, ಕೂದಲಿಗೆ, ರೊಟ್ಟಿಗೆ, ತವರುಮನೆ ಗಜೇಂದ್ರಗಡಕ್ಕೆ ಹೋದರೆ ಓಣಿಯವರು ಮೂಗಿನಿಂದಲೇ ಗುರುತು ಹಿಡಿದು, ಗಾಣದ ಮನೀ ಬಾಳವ್ವ ಬಂದ್ಲು, ಅನ್ನುತ್ತಿದ್ದರು. ಈಗ ಎರಡು ವರ್ಷದಿಂದ ಮಂದಿ ಕುಸುಬಿ ಚೀಲವನ್ನು ಬಸ್ಸಿನ ತಲೆಯ ಮೇಲೆ ಹಾಕಿ ನರಗುಂದದ ಇಂಜಿನ್ನಿನ ಗಿರಣಿಗೆ ಒಯ್ಯುತ್ತಾರೆ, ಸಂಜೆಗೆ ಡಬ್ಬಿಯಲ್ಲಿ ಎಣ್ಣೆ ತರುತ್ತಾರೆ, ಗಾಣಕ್ಕೆ ಯಾರು ಕಾಯುತ್ತಾರೆ. ಎತ್ತನ್ನು ಕೆಳಗಿನ ಓಣಿಯ ದ್ಯಾಮಪ್ಪನಿಗೆ ಕೊಟ್ಟಾಯಿತು, ಪಾಪ ಆ ಎತ್ತು ಮೂರು ದಿನ ಅವನ ಹೊಲದಲ್ಲಿ ನೇರ ಹೋಗಲೇ ಇಲ್ಲವಂತೆ, ನಾಲ್ಕು ಹೆಜ್ಜೆ ಇಟ್ಟು ಸುತ್ತು ತಿರುಗುತ್ತಿತ್ತಂತೆ, ದ್ಯಾಮಪ್ಪ ಬಂದು, ಏನ ಹೇಮಣ್ಣ, ಎತ್ತ ಕೊಟ್ಟೀಯೋ ಗಾಣ ಕೊಟ್ಟೀಯೋ, ಅಂದಾಗ ಹೇಮಪ್ಪ ನಕ್ಕಿದ್ದ, ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಆದರೂ ದುಃಖ ಅಂತ ಬಾಯಿಬಿಟ್ಟು ಹೇಳಿದವನಲ್ಲ, ಆ ಇಂಜಿನ್ನ ಹ್ಯಾಂಗ ಹಿಂಡತೈತಿ ಒಮ್ಮೆ ಕಣ್ಣಿಲೆ ನೋಡಬೇಕು ನಾನು, ಅಂದಿದ್ದ, ಸಣ್ಣವರ ಹಾಗೆ. ಇವನ ತಲೆಯಲ್ಲಿ ಏನೇನಿದೆಯೋ, ಹನ್ನೊಂದು ವರ್ಷ ಬಾಳಿದರೂ ಒಂದೊಂದು ಮಾತು ಅಟ್ಟದ ಮೇಲಿನ ಗಡಿಗೆಯ ಹಾಗೆ, ಇದೆ ಅಂತ ಗೊತ್ತು, ಒಳಗೇನು ಅಂತ ಗೊತ್ತಿಲ್ಲ — ಅಟ್ಟ. ಅಟ್ಟ ಇನ್ನೂ ನೋಡಿಲ್ಲ. ಚಕ್ಕಡಿಯ ಮಾತು ಮುಗಿಸಿ ಬರುತ್ತೇನೆಂದು ಹೇಮಪ್ಪ ದ್ಯಾಮಪ್ಪನ ಮನೆಗೆ ಹೋಗಿದ್ದಾನೆ, ಮಗಳು ನೀಲಿ ಕೊಡ ಹೊತ್ತು ನೀರಿಗೆ ಹೋಗಿದ್ದಾಳೆ, ಹಳ್ಳದ ಬಾವಿ ದೂರ, ಬರುವುದು ತಡ. ಏಣಿ ಎಲ್ಲಿ.

ಏಣಿಯ ಮೂರನೆಯ ಮೆಟ್ಟಿಲು ಲಟಕ್ಕೆಂದಿತು, ಮುರಿಯಲಿಲ್ಲ, ಅಟ್ಟದ ಕತ್ತಲೆಯಲ್ಲಿ ತಲೆ ಹಾಕಿದರೆ ಇಲಿಯ ವಾಸನೆ, ಹಳೆಯ ಹಿಂಡಿಯ ವಾಸನೆ, ಇಷ್ಟೆಲ್ಲ ಇಟ್ಟುಕೊಂಡು ಅತ್ತೆ ಏನು ಮಾಡುತ್ತಿದ್ದಳು. ಕಾಳು ಕೇರುವ ಹರಕು ಮರ, ಬಾಯಿ ಒಡೆದ ಹರವಿ, ಎಣ್ಣೆ ತುಂಬುವ ಚರ್ಮದ ಬುದ್ದಲಿ, ಒಣಗಿ ಕಲ್ಲಾಗಿದೆ, ಬಡಿದರೆ ಟಣ್‍ ಅನ್ನುತ್ತದೆ, ತೊಟ್ಟಿಲ ಹಗ್ಗ — ಅದನ್ನು ಮುಟ್ಟುವುದು ಬೇಡ, ಹೊಟ್ಟೆಯಲ್ಲಿ ನಿಂತೂ ಕೈಗೆ ಬಾರದ ಎರಡು ಕೂಸುಗಳಿಗೆಂದು ಅತ್ತೆ ಮೇಲಿನಿಂದ ಇಳಿಸಿ ಎರಡು ಸಲವೂ ಮತ್ತೆ ಮೇಲೆ ಇಟ್ಟದ್ದು, ಸರಿಸು, ಆ ಕಡೆ ಸರಿಸು. ಅತ್ತೆ ಮರಿಯವ್ವ ಹೋಗಿ ಮೂರು ವರ್ಷ, ಇಲೆಕ್ಷನ್ ಆದ ವರ್ಷ, ಹೊರಗೋಡೆಗೆ ಓಟು ಕೇಳಲು ಬಂದವರು ಬರೆದ ಜೋಡೆತ್ತಿನ ಗುರುತು ಇನ್ನೂ ಮಾಸಿಲ್ಲ, ಓಟು ಹಾಕಿ ಬೆರಳಿನ ಮಸಿ ಎಲ್ಲರಿಗೂ ತೋರಿಸುತ್ತ ಬಂದವಳು ಹದಿನೈದು ದಿನಕ್ಕೆ ಮಲಗಿದಲ್ಲೇ ಹೋದಳು. ಅಟ್ಟದ ಕೀಲಿ ಅಂತ ಇರಲಿಲ್ಲ, ಆದರೆ ಹತ್ತುವವಳು ಅವಳೊಬ್ಬಳೇ, ನೀ ಬ್ಯಾಡ ಬಾಳವ್ವಾ, ಬಿದ್ದಗಿದ್ದಿ, ನಾ ತಗೀತನಿ, ಅನ್ನುತ್ತಿದ್ದಳು, ಅರವತ್ತು ದಾಟಿದವಳು, ಬಿದ್ದರೆ ಅವಳೇ ಬೀಳಬೇಕಿತ್ತು. ಇದೇನು. ತೊಲೆಯ ಸಂದಿಯಲ್ಲಿ ಒಂದು ಗಂಟು, ನೀಲಿ ಬಣ್ಣದ ಸೀರೆಯ ಅರಿವೆ, ಮೇಲೆ ಅತ್ತೆಯ ಕೈಗಂಟು, ಮೂರು ಸುತ್ತು ಹಾಕಿ ತುದಿಯನ್ನು ಒಳಗೆ ತುರುಕುವ ಗಂಟು, ಎಲ್ಲಿ ಕಂಡರೂ ಗುರುತು ಸಿಗುವಂಥದು. ಕಾಳಿನದೇ, ಅಲ್ಲ, ಹಗುರ, ಒಳಗೆ ಏನೋ ಬಿರುಸು ಮುಟ್ಟುತ್ತದೆ, ಕಬ್ಬಿಣ. ಎದೆಗೆ ಅವಚಿಕೊಂಡು ಒಂದು ಕೈಯಿಂದ ಏಣಿ ಹಿಡಿದು ಇಳಿಯುವಾಗ ಮೈಯೆಲ್ಲ ಕಿವಿಯಾಗಿ, ಯಾರಾದರೂ ಬಂದರೇ, ಬಂದರೆ ಏನಂತೆ, ನನ್ನ ಮನೆಯ ಅಟ್ಟ, ನಾಳೆಯವರೆಗೆ ನನ್ನದೇ.

ಗಂಟು ಬಿಚ್ಚಲು ಹಲ್ಲು ಬೇಕಾಯಿತು. ಒಣಗಿ ಪುಡಿಯಾದ ಬೇವಿನ ಎಲೆ ಮಡಿಲ ತುಂಬ ಉದುರಿತು, ಅದರೊಳಗೆ ಒಂದು ಕೌದಿ, ಮಡಿಕೆಯ ಮೇಲೆ ಮಡಿಕೆ, ಕೌದಿಯೊಳಗೆ ನುಚ್ಚು ತಿರುವುವ ಕಟ್ಟಿಗೆಯ ಹುಟ್ಟು, ಹುಟ್ಟಿನ ಜೊತೆ ಒಂದು ಕುಡುಗೋಲು, ಹಿಡಿಕೆಗೆ ಅರಿವೆ ಸುತ್ತಿದ್ದು, ಅಷ್ಟೇ. ಯಾರದು ಅಂತ ಕೇಳುವುದೇ ಬೇಡ, ಈ ಮನೆಯಲ್ಲಿ ಹೆಸರು ಹೇಳದೆ ಕಟ್ಟಿಡುವ ಸಾಮಾನು ಒಬ್ಬಳದೇ, ಕಲ್ಲವ್ವನದು, ಹೇಮಪ್ಪನ ಮೊದಲನೆಯ ಹೆಂಡತಿಯದು, ನೀಲಿಯನ್ನು ಹೆತ್ತವಳದು. ಬಾಳವ್ವನ ಕೈ ತನಗೇ ಗೊತ್ತಿಲ್ಲದೆ ಕೊರಳಿಗೆ ಹೋಯಿತು, ತಾಳಿಯ ಪಕ್ಕದಲ್ಲಿ ಸಣ್ಣ ಬೆಳ್ಳಿಯ ಬಿಲ್ಲೆ, ಮದುವೆಯ ದಿನ ಅತ್ತೆ ಪೋಣಿಸಿ, ಇದು ಹಿರೇಕೀದು, ಮೈಮ್ಯಾಲಿಂದ ತಗೀಬ್ಯಾಡ, ಅಂದಿದ್ದಳು, ಹಿರೇಕಿ ಅಂದರೆ ಅವಳು, ಸತ್ತವಳು. ಹನ್ನೊಂದು ವರ್ಷ ಎದೆಯ ಮೇಲೆ ಅವಳನ್ನು ಹೊತ್ತಿದ್ದಾಳೆ, ಅಮಾವಾಸ್ಯೆಗೆ ಅವಳ ಹೆಸರಿನಲ್ಲಿ ಎಡೆ ಇಟ್ಟಿದ್ದಾಳೆ, ಅವಳ ಮಗಳಿಗೆ ಒಂದೂವರೆ ವರ್ಷದ ಕೂಸಿದ್ದಾಗಿನಿಂದ ಎಣ್ಣೆ ಹಚ್ಚಿ ನೀರು ಹಾಕಿದ್ದಾಳೆ, ಆದರೆ ಅವಳು ಕಪ್ಪೋ ಕೆಂಪೋ, ಗಿಡ್ಡೋ ಎತ್ತರವೋ, ಮಾತಾಡಿದರೆ ಜೋರೋ ಸಣ್ಣಗೋ, ಒಂದೂ ಗೊತ್ತಿಲ್ಲ. ಮೆಣಸಗಿಯವಳು ಅಂತ ಗೊತ್ತು, ಜ್ವರದಿಂದ ಹೋದಳು ಅಂತ ಗೊತ್ತು. ಮೊದಮೊದಲು ಕೇಳಬೇಕು ಅನಿಸುತ್ತಿತ್ತು, ಆಕಿ ಹ್ಯಾಂಗ ಇದ್ಲು, ಅಂತ ಅತ್ತೆಯನ್ನು ಒಮ್ಮೆ ಕೇಳಿದ್ದಳು ಕೂಡ, ಅತ್ತೆ ಹಿಟ್ಟು ಸೋಸುತ್ತಿದ್ದವಳು ಸಾಣಿಗೆ ನಿಲ್ಲಿಸಿ, ಹೋದಾಕೀ ಮಾತ ಮನ್ಯಾಗ ಬ್ಯಾಡ, ಅಂದಳು, ಮತ್ತೆ ಸಾಣಿಗೆ ಅಲ್ಲಾಡಿಸಿದಳು. ಕೇಳದೆ ಕೇಳದೆ ಬೇಕು ಅನ್ನುವುದೇ ಮರೆತಿತ್ತು. ಈಗ ಇದೋ ಅವಳೇ ಮಡಿಲಲ್ಲಿ ಬಂದು ಕೂತ ಹಾಗೆ, ಕೌದಿಯಾಗಿ, ಹುಟ್ಟಾಗಿ, ಕುಡುಗೋಲಾಗಿ, ಬಾ ನೋಡೋಣ, ಯಾರು ನೀನು, ನೋಡಿಯೇಬಿಡೋಣ.

ಕೌದಿಯನ್ನು ಪಡಸಾಲೆಯಲ್ಲಿ ಹಾಸಿದಳು, ಹಗ್ಗದೊಳಗೆ ಜಾಗವಿಲ್ಲದೆ ಅರ್ಧ ಹೊರಗೆ ಚಾಚಿತು. ಚಂದದ ಕೌದಿ, ಮನಸ್ಸಿಟ್ಟು ಹೊಲಿದದ್ದು, ಕೆಂಪು ತುಣುಕು, ಹಳದಿ ತುಣುಕು, ಗಂಡಸಿನ ರುಮಾಲಿನದೊಂದು ತುಣುಕು, ಹೊಲಿಗೆ ಜೋಳದ ಸಾಲಿನ ಹಾಗೆ ಸಣ್ಣ ಸಣ್ಣದು, ಆದರೆ ಏನೋ ಸರಿಯಿಲ್ಲ, ಕಣ್ಣಿಗೆ ತೊಡಕಾಗುತ್ತದೆ, ಏನು ಅಂತ ಹೊಳೆಯುವುದಿಲ್ಲ. ಮೂಲೆಯಲ್ಲಿ ಮೊದಲ ಗಂಟು ಹುಡುಕಿ ಬೆರಳಿಟ್ಟು ದಾರದ ಗುಂಟ ಹೊರಟಳು — ಬಾಳವ್ವ ಹೊಲಿದರೆ ಸೂಜಿ ಬಲದಿಂದ ಎಡಕ್ಕೆ ಓಡುತ್ತದೆ, ಅಂಚಿಗುಂಟ ಹೋಗಿ ಮೂಲೆಗೆ ತಿರುಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಲ್ಲುತ್ತದೆ, ಅವ್ವ ಹೊಲಿದದ್ದೂ ಹಾಗೇ, ಎಲ್ಲರದೂ ಹಾಗೇ, ಈ ದಾರ ಎಡದಿಂದ ಬಲಕ್ಕೆ ಹೊರಟಿದೆ, ಮೂಲೆಯಲ್ಲಿ ಬೇರೆ ಕಡೆಗೇ ತಿರುಗಿದೆ, ನಡುವಿನವರೆಗೂ ಉಲ್ಟಾ ಸುತ್ತಿದೆ. ಮೆಣಸಗಿಯವರು ಹೀಗೆ ಹೊಲಿಯುತ್ತಾರೋ ಏನೋ, ಊರಿಗೊಂದು ರೀತಿ. ಹುಟ್ಟನ್ನು ಎತ್ತಿಕೊಂಡಳು, ತಳ ಒಂದು ಬದಿಗೆ ಸವೆದಿದೆ, ವರ್ಷಾನುಗಟ್ಟಲೆ ಗಡಿಗೆಯ ತಳ ಕೆರೆದ ಹುಟ್ಟು ಸವೆಯದೆ ಏನು, ತನ್ನ ಹುಟ್ಟೂ ಸವೆದಿದೆ, ಒಲೆಯ ಹತ್ತಿರದಿಂದ ತಂದು ಎರಡನ್ನೂ ಜೋಡಿಸಿ ಹಿಡಿದಳು, ತನ್ನದು ಎಡಬದಿಗೆ ಸವೆದಿದೆ, ಇದು ಬಲಬದಿಗೆ, ಎರಡೂ ಕೂಡಿ ಗೋಪುರದ ಹಾಗೆ ಒಂದಕ್ಕೊಂದು ವಾಲಿಕೊಂಡವು. ಆಗಲೂ ಹೊಳೆಯಲಿಲ್ಲ, ಎಂಥ ಮಂಕು, ಬೆನ್ನಿನ ಮೇಲೆ ಮಾತ್ರ ಇರುವೆ ಹರಿದ ಹಾಗಾಯಿತು. ಕುಡುಗೋಲು ತೆಗೆದು ಹಿತ್ತಲಿಗೆ ಹೋದಳು, ಎತ್ತು ತಿಂದುಳಿದ ಜೋಳದ ಕಣಿಕೆ ಗೋಡೆಗೆ ಒರಗಿತ್ತು, ಒಂದು ಹಿಡಿ ಕಣಿಕೆ ಹಿಡಿದು ಎಳೆದರೆ ಕುಡುಗೋಲು ಜಾರಿತು, ಇನ್ನೊಮ್ಮೆ ಎಳೆದರೆ ಇನ್ನೂ ಜಾರಿತು, ತುಕ್ಕಿಲ್ಲ, ಅಲಗು ಬೆರಳಿಗೆ ಹರಿತವಾಗೇ ಇದೆ, ಕೊಯ್ಯಲೊಲ್ಲದು. ತಿರುಗಿಸಿ ನೋಡಿದಳು, ಎಲ್ಲ ಕುಡುಗೋಲಿಗೆ ಸಾಣೆ ಹಿಡಿಯುವುದು ಒಂದು ಮೈಗೆ, ಇದಕ್ಕೆ ಆ ಇನ್ನೊಂದು ಮೈಗೆ ಹಿಡಿದಿದ್ದಾರೆ, ಕಂಬಾರ ಕುಡಿದಿದ್ದನೇ. ಯಾಕೆ ಹಾಗೆ ಮಾಡಿದಳೋ, ತನಗೂ ಗೊತ್ತಿಲ್ಲ, ಕುಡುಗೋಲನ್ನು ಎಡಗೈಗೆ ಬದಲಿಸಿ ಬಲಗೈಯಲ್ಲಿ ಕಣಿಕೆ ಹಿಡಿದು ಎಳೆದಳು, ಸರಕ್ಕನೆ ಒಂದೇ ಎಳೆತಕ್ಕೆ ಹಿಡಿ ಕಣಿಕೆ ಕೈಗೆ ಬಂತು. ನಿಂತಳು. ಇನ್ನೊಂದು ಹಿಡಿ, ಸರಕ್. ಇನ್ನೊಂದು.

ಏನವಾ, ಎತ್ತ ಇಲ್ಲ ಏನಿಲ್ಲ, ಯಾರಿಗೆ ಕೊಯ್ಯಾಕತ್ತೀ — ಗೋಡೆಯಾಚೆಯಿಂದ ಜಮಾಲಬಿ, ಪಕ್ಕದ ಪಿಂಜಾರರ ಮನೆಯವಳು, ಕೂದಲಲ್ಲಿ ಹತ್ತಿಯ ಎಳೆ ಯಾವಾಗಲೂ ಇದ್ದದ್ದೇ, ಈ ಮನೆ ಈಗ ಅವರಿಗೇ ಹೋಗಿದೆ, ಹಿಂಜಿದ ಹತ್ತಿ ಇಡಲು ಜಾಗ ಬೇಕಿತ್ತು ಅವರಿಗೆ. ಅಟ್ಟದಾಗ ಏನ ಬಿಡತೀ ಹೇಳಿಬಿಡ, ಗಂಡಗ ಏಣಿ ಹತ್ತಸತನಿ, ಅನ್ನುತ್ತ ಹಿತ್ತಲ ಬಾಗಿಲಿನಿಂದ ಒಳಗೆ ಬಂದವಳು ಬಾಳವ್ವನ ಕೈ ನೋಡಿ ಅಲ್ಲೇ ನಿಂತಳು, ಬಾಯಿಗೆ ಸೆರಗು ಹೋಯಿತು. ಅದು ಕಲ್ಲವ್ವನ ಕುಡುಗೋಲ ಹೌದಿಲ್ಲೋ, ಎಲ್ಲಿತ್ತ ಅದು. ಅಟ್ಟದ ಮ್ಯಾಲ ಇತ್ತ ಅಕ್ಕಾ, ಬಲಗೈಲೆ ಕೊಯ್ಯವಲ್ದು, ಯಾಕ, ಅಂದಳು ಬಾಳವ್ವ, ಅನ್ನುವಷ್ಟರಲ್ಲಿ ಉತ್ತರ ತನಗೇ ಗೊತ್ತಾಗಿತ್ತು, ಆದರೂ ಇನ್ನೊಬ್ಬರ ಬಾಯಿಂದ ಬರಲಿ ಅಂತ ಕಾದಳು. ಹ್ಯಾಂಗ ಕೊಯ್ಯಬೇಕವಾ, ಆಕಿ ಎಡಚಿ ಇದ್ಲು, ಅಂದಳು ಜಮಾಲಬಿ, ನಿನಗ ಖರೇನ ಗೊತ್ತಿಲ್ಲೇನ. ಗೊತ್ತಿಲ್ಲ. ಜಮಾಲಬಿ ಕಟ್ಟೆಯ ಮೇಲೆ ಕೂತಳು, ಹನ್ನೆರಡು ವರ್ಷ ಬಾಯಿಗೆ ಹಾಕಿದ್ದ ಬಿರಟೆ ಕಿತ್ತ ಹಾಗೆ ಮಾತು ಹರಿಯಿತು, ಸುಗ್ಗ್ಯಾಗ ಸಾಲ ಹಿಡದ ಕೊಯ್ಯೂವಾಗ ಆಕೀ ಕೈ ಮಗ್ಗಲದಾಕೀ ಕೈಗೆ ಬಡಿತಿತ್ತ, ಅದಕ್ಕ ಆಕೀನ ಕಡೀ ಸಾಲಿಗೆ ನಿಂದರಸತಿದ್ರು, ಯಾರೂ ಮಗ್ಗಲಾಗ ನಿಂದರಾಕ ಒಲ್ಲೆ ಅಂದ್ರ ನಾ ನಿಂದರತಿದ್ದೆ, ಇಲ್ಲಿ ನೋಡ, ಅಂತ ಮಣಿಕಟ್ಟಿನ ಮೇಲೆ ಬೆಳ್ಳಗಿನ ಗಾಯದ ಗೆರೆ ತೋರಿಸಿದಳು, ಪ್ರೀತಿಯಿಂದ ಸವರಿಕೊಂಡಳು. ಕಡೀಕ ನಿನ್ನ ಗಂಡ ಅಸೂಟಿಗೆ ನಡಕೊಂಡ ಹೋಗಿ ಕಂಬಾರ ಅಜ್ಜಪ್ಪನ ಮುಂದ ಕೂತ ಇದನ್ನ ಮಾಡಿಸ್ಕೊಂಡ ಬಂದ, ಕಂಬಾರ ನಗತಿದ್ನಂತ, ಎಡಗೈ ಕುಡುಗೋಲ ಹುಟ್ಟಿದಾಗಿಂದ ಮಾಡಿಲ್ಲಪಾ ಅಂತ. ಮಾಳಗಿ ಮ್ಯಾಲ ಮೆಣಸಿನಕಾಯಿ ಒಣಗಾಕ ಹಾಕಿದ್ರ ಮಂಗ್ಯಾ ಬರತಿದ್ದೂ, ಎಡಗೈಲೆ ಕಲ್ಲ ಒಗದ್ಲಂದ್ರ ಗುರಿ ತಪ್ಪತಿದ್ದಿಲ್ಲ, ಭಾಳ ನಗತಿದ್ಲವಾ ಆಕಿ, ಉದ್ದಾನ ಹೆಣಮಗಳು, ನಿನಗಿಂತ ಒಂದ ಗೇಣ ಎತ್ತರ. ಉದ್ದ, ನಗುವವಳು, ಮಂಗ ಹೊಡೆಯುವವಳು — ಬಾಳವ್ವ ಒಂದೊಂದನ್ನೂ ಬಾಯಾರಿದವರ ಹಾಗೆ ಹಿಡಿದುಕೊಂಡಳು, ಇನ್ನ ಹೇಳ, ಇನ್ನ ಹೇಳ ಅಕ್ಕಾ, ಕೈಯಲ್ಲಿ ಕುಡುಗೋಲು, ಇವನು ಅಸೂಟಿಗೆ ನಡೆದು ಹೋದನೇ, ಹೆಂಡತಿಯ ಕೈಯ ಸಲುವಾಗಿ, ಎದೆಯಲ್ಲಿ ಎಲ್ಲೋ ಸಣ್ಣಗೆ ಚುರ್‍ ಅಂದಿತು, ಅದು ಹೊಟ್ಟೆಕಿಚ್ಚು ಅಂತ ಗುರುತಿಸಿ ಬದಿಗಿಟ್ಟಳು, ಅದಕ್ಕಿಂತ ದೊಡ್ಡದೊಂದು ಅದರ ಹಿಂದೆ ನಿಂತು ಬಾಗಿಲು ಬಡಿಯುತ್ತಿತ್ತು. ಮತ್ತ ಯಾಕ ಅಕ್ಕಾ, ಯಾಕ ಯಾರೂ ನನಗ ಹೇಳಲಿಲ್ಲ, ನೀಲಿ ಕೈ ನಾ ಕಟ್ಟೂವಾಗ. ಜಮಾಲಬಿ ಸೆರಗಿನ ತುದಿಯ ಹತ್ತಿಯ ಎಳೆ ಕಿತ್ತಳು. ನಿಮ್ಮತ್ತಿ ಓಣ್ಯಾಗ ಮನಿಮನಿಗೆ ಬಂದ ಹೇಳಿದ್ಲವಾ, ಕೂಸು ತಾಯೀ ಹಂಗ ಐತಿ ಅಂತ ಯಾರೂ ಅನಬ್ಯಾಡ್ರಿ, ತಾಯೀ ಕೈ ಬಂದೈತಿ ಅಂದ್ರ ತಾಯೀ ಆಯುಷ್ಯಾನೂ ಬಂದೀತು ಅಂತ. ಅಂಜಿದ್ಲು ಮುದುಕಿ. ನಾವೂ ಅಂಜಿದ್ವಿ. ನೀ ಕಟ್ಟೂದನ್ನ ನೋಡಿದ್ರ ತಂಗಿ, ಸುಳ್ಯಾಕ ಹೇಳಲಿ, ನಾ ಒಳಗ ಹೋಗಿ ಬಾಗಲಾ ಹಾಕ್ಕೋತಿದ್ದೆ.

ಜಮಾಲಬಿ ಯಾವಾಗ ಎದ್ದು ಹೋದಳೋ, ಅಟ್ಟದ ಸಾಮಾನೆಲ್ಲ ನೀನ ಇಟ್ಕೋ ಅಂತ ತಾನು ಅಂದಳೋ ಇಲ್ಲವೋ, ಬಾಳವ್ವ ಗಾಣದ ಕಟ್ಟೆಯ ಮೇಲೆ ಕೂತಿದ್ದಾಳೆ, ಕೌದಿಯ ದಾರ, ಹುಟ್ಟಿನ ಸವೆತ, ಕುಡುಗೋಲಿನ ಮೈ, ಎಲ್ಲ ಒಂದೇ ಕೈಯನ್ನು ತೋರಿಸುತ್ತವೆ, ಆ ಕೈ ಸಣ್ಣದಾಗುತ್ತದೆ, ಮೂರು ವರ್ಷದ ಕೂಸಿನ ಕೈ. ನೀಲಿ ರೊಟ್ಟಿಗೆ ಎಡಗೈ ಹಾಕಿದ್ದಳು, ಅತ್ತೆ ಮೈಮೇಲೆ ಬಿಸಿನೀರು ಬಿದ್ದ ಹಾಗೆ ಚೀರಿ, ಬಿಡಸು ಬಾಳವ್ವಾ, ಆ ಕೈ ಬಿಡಸು, ಎಡಚಿ ಆದ್ರ ಯಾರ ಮಾಡ್ಕೋತಾರ ಇದನ್ನ, ಅಂದಿದ್ದಳು, ತಾನು ಹೊಸಬಳು, ಮಲತಾಯಿ, ಮಗುವನ್ನು ಸರಿ ಬೆಳೆಸಲಿಲ್ಲ ಅಂತ ಊರು ಅಂದೀತು ಅನ್ನುವ ಅಂಜಿಕೆ ಹಗಲೂ ರಾತ್ರಿ. ವಸ್ತ್ರದ ತುಂಡೊಂದನ್ನು ಹರಿದಳು, ಮೆತ್ತಗಿನದನ್ನೇ ಆರಿಸಿದ್ದಳು, ನೋಯಬಾರದು ಅಂತ, ಊಟಕ್ಕೆ ಕೂಡಿಸಿ ಎಡಗೈಯನ್ನು ಬೆನ್ನ ಹಿಂದೆ ತಂದು ಸೊಂಟದ ಉಡಿದಾರಕ್ಕೆ ಕಟ್ಟುತ್ತಿದ್ದಳು, ಬಲಗೈಯಲ್ಲಿ ರೊಟ್ಟಿ ಮುರಿಯಲಾರದೆ ಕೂಸು ಬಗ್ಗಿ ಬಾಯಿಯಿಂದಲೇ ತಿನ್ನಲು ನೋಡುತ್ತಿತ್ತು, ತಲೆ ಹಿಡಿದು ಎತ್ತುತ್ತಿದ್ದಳು, ಕೈಲೆ, ಬಲಗೈಲೆ. ಎರಡು ವರ್ಷ. ಎರಡು ವರ್ಷಕ್ಕೂ ಮಿಕ್ಕಿ. ಆಮೇಲೆ ಕಟ್ಟುವುದೇ ಬೇಕಾಗಲಿಲ್ಲ, ತಾಟು ಮುಂದಿಟ್ಟರೆ ಸಾಕು, ನೀಲಿ ತಾನಾಗಿಯೇ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದಳು, ಬಂದವರೆಲ್ಲ ಹೊಗಳಿದರು, ಎಷ್ಟ ಶಿಸ್ತ ಕಲಿಸೀಯವಾ ಮಲಮಗಳಿಗೆ ಅಂತ, ಆಕೆ ಹೆಮ್ಮೆಯಿಂದ ತಲೆ ಎತ್ತಿದ್ದಳು, ಹೌದು, ಎತ್ತಿದ್ದಳು, ಮರೆತ ಹಾಗೆ ಮಾಡಿದರೆ ಆಗುವುದಿಲ್ಲ. ಬೆನ್ನ ಹಿಂದೆ ಆ ಸಣ್ಣ ಕೈ, ಬೆರಳು ಮಡಚಿಕೊಂಡು. ಆ ಕೈಗೆ ಒಬ್ಬ ತಾಯಿ ಇದ್ದಳು ಅಂತ ಒಬ್ಬರಾದರೂ ಹೇಳಿದ್ದರೆ, ಹೇಳಿದ್ದರೆ ಕಟ್ಟದೆ ಇರುತ್ತಿದ್ದಳೇ, ಗೊತ್ತಿಲ್ಲ, ಅತ್ತೆಯ ಅಂಜಿಕೆ ತನಗೂ ಅಂಟಿ ಇನ್ನೂ ಬಿಗಿಯಾಗಿ ಕಟ್ಟುತ್ತಿದ್ದಳೋ ಏನೋ, ತನ್ನನ್ನೇ ತಾನು ಎಲ್ಲಿಯವರೆಗೆ ನಂಬಬೇಕು.

ಇಲ್ಯಾಕ ಕುಂತೀ, ಹಗ್ಗದಾಗ ಏನೂ ಮುಗದಿಲ್ಲ, ಅನ್ನುತ್ತ ಹೇಮಪ್ಪ ಹಿತ್ತಲಿಗೆ ಬಂದ, ಅವಳ ತೊಡೆಯ ಮೇಲಿನ ಕುಡುಗೋಲು ಕಂಡ. ಬಾಳವ್ವ ಅವನ ಮುಖವನ್ನು ನೋಡಿದಳು, ಸಿಟ್ಟಿನಿಂದಲ್ಲ, ಅಟ್ಟಕ್ಕೆ ತಲೆ ಹಾಕಿ ನೋಡಿದ ಹಾಗೆ, ಒಳಗೆ ಏನಿದೆ. ಎಡಚಿ ಇದ್ಲಂತ, ಅಂದಳು. ಹೂಂ. ನೀವು ಅಸೂಟಿಗೆ ನಡಕೊಂಡ ಹೋಗಿದ್ರಂತ. ಹೂಂ, ಅಂದ ಹೇಮಪ್ಪ, ಗಾಣದ ಕಲ್ಲಿಗೆ ಒರಗಿ ಕೂತ, ಎಣ್ಣೆ ಕುಡಿದು ಕರ್ರಗಾದ ಕಲ್ಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿದ. ನನಗ ಯಾಕ ಹೇಳಲಿಲ್ರಿ. ಅವ್ವ ಆಣಿ ತಗೊಂಡಿದ್ಲು, ಹುಡುಗೀ ತಲೀ ಮ್ಯಾಲ ಕೈ ಇಡಿಸಿ. ಅವ್ವ ಹೋಗಿ ಮೂರ ವರ್ಷ ಆತಲ್ರಿ. ಗೋಡೆಯಾಚೆ ಪಿಂಜಾರರ ಹತ್ತಿ ಹಿಂಜುವ ಬಿಲ್ಲು ಟಂಯ್‍ ಟಂಯ್‍ ಅನ್ನುತ್ತಿತ್ತು, ಅವನು ಕಲ್ಲಿಗೇ ಹೇಳುವವನ ಹಾಗೆ ಹೇಳಿದ, ಒಂದ ಸಲ ಹೇಳಬೇಕಂತನ ಒಳಗ ಬಂದಿದ್ದೆ, ನೀ ಆಕೀ ಕೈ ಕಟ್ಟಾಕತ್ತಿದ್ದಿ, ಆಕಿ ಅಳಾಕತ್ತಿರಲಿಲ್ಲ, ಸುಮ್ಮನ ನಿಂತ ಕಟ್ಟಿಸ್ಕೊಳ್ಳಾಕತ್ತಿದ್ಲು, ಅತ್ತಿದ್ರ ಹೇಳತಿದ್ದೆ, ಅಳಲಿಲ್ಲ, ನಾ ತಾಟ ತಗೊಂಡ ಇಲ್ಲಿಗೆ ಬಂದೆ. ಇಲ್ಲಿಗೆ, ಈ ಗಾಣಕ್ಕೆ, ಹೌದು, ಆವಾಗಿನಿಂದಲೇ ಅಲ್ಲವೇ ಅವನು ಒಳಗೆ ಕೂತು ಉಣ್ಣುವುದನ್ನು ಬಿಟ್ಟದ್ದು, ಎತ್ತು ನಿಲ್ಲಬಾರದು ಅಂತ ಇರಬೇಕು ಅಂತ ತಾನು ಅಂದುಕೊಂಡಿದ್ದಳು, ಗಾಣಿಗರ ಗಂಡಸರು ಹೀಗೇ ಅಂದುಕೊಂಡಿದ್ದಳು, ಮಗಳ ಬೆನ್ನು ಕಾಣದ ಜಾಗ ಹುಡುಕಿಕೊಂಡು ಬಂದು ಉಂಡಿದ್ದನೇ ಇವನು. ಹೇಳಲಾರದವನು ಇವನು, ಕೇಳದವಳು ತಾನು, ಅಂಜಿದವಳು ಅತ್ತೆ, ಬಾಗಿಲು ಹಾಕಿಕೊಂಡವಳು ಜಮಾಲಬಿ, ಇಷ್ಟು ಜನರ ನಡುವೆ ಒಂದು ಕೂಸು ಸುಮ್ಮನೆ ನಿಂತು ಕೈ ಕೊಟ್ಟಿತ್ತು. ಏಳ್ರಿ, ಅಂದಳು ಬಾಳವ್ವ, ಈ ಕೌದಿ ಚಕ್ಕಡ್ಯಾಗ ಬರತೈತಿ, ಬೀಸುಕಲ್ಲ ಬ್ಯಾಡ, ಅದನ್ನ ಜಮಾಲಕ್ಕಗ ಕೊಡ್ರಿ. ಹೇಮಪ್ಪ ಎದ್ದ, ಒಳಗೆ ಹೋಗಿ ಬೀಸುಕಲ್ಲಿನ ಮೇಲುಗಲ್ಲನ್ನು ಎತ್ತಿ ಗೋಡೆಗೆ ಒರಗಿಸಿದ.

ನೀಲಿ ಬಂದಳು, ತಲೆಯ ಮೇಲೊಂದು ಕೊಡ, ಕಂಕುಳಲ್ಲೊಂದು, ಹದಿಮೂರಕ್ಕೆ ಬಿದ್ದ ಹುಡುಗಿ, ಈ ವರ್ಷ ಎಷ್ಟು ಉದ್ದವಾಗಿದ್ದಾಳೆ, ನಿನಗಿಂತ ಒಂದ ಗೇಣ ಎತ್ತರ ಅಂದಿದ್ದಳಲ್ಲ ಜಮಾಲಬಿ, ಇನ್ನೊಂದು ವರ್ಷಕ್ಕೆ ಇವಳೂ ಆಗುತ್ತಾಳೆ. ಮೊದಲ ಸಲ ನೋಡುವ ಹಾಗೆ ನೋಡಿದಳು, ಹಣೆ ಯಾರದು, ಹುಬ್ಬು ಯಾರದು, ಹೇಮಪ್ಪನದಲ್ಲದ್ದೆಲ್ಲ ಅವಳದೇ ಇರಬೇಕು, ಇಷ್ಟು ವರ್ಷ ಕಲ್ಲವ್ವ ಈ ಮನೆಯಲ್ಲಿ ನೀರು ಹೊತ್ತುಕೊಂಡು ಓಡಾಡಿಕೊಂಡೇ ಇದ್ದಳು, ತಾನೇ ನೋಡಿರಲಿಲ್ಲ. ಕೊಡ ಇಳಿಸಿದ ನೀಲಿ, ಚಿಗವ್ವ, ಇನ್ನೊಂದ ಸರತಿ ಹೋಗಲೇನ, ಅಂತ ಕೇಳಿದಳು, ಕೇಳದೆ ಏನನ್ನೂ ಮಾಡುವವಳಲ್ಲ. ಸಾಕ, ಇಲ್ಲಿ ಬಾ, ಈ ಹುರಿ ಕೊಯ್ದಕೊಡ, ಹಾಸಗೀ ಸುತ್ತಬೇಕ, ಅಂತ ಬಾಳವ್ವ ಸೆಣಬಿನ ಹುರಿಯ ಉಂಡೆಯನ್ನೂ ಕುಡುಗೋಲನ್ನೂ ಮುಂದೆ ಹಿಡಿದಳು, ತನ್ನ ಧ್ವನಿ ತನಗೇ ಬೇರೆಯಾಗಿ ಕೇಳಿಸಿತು. ನೀಲಿ ಹುರಿಯ ಒಂದು ತುದಿಯನ್ನು ಕಾಲಿನಲ್ಲಿ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಬಲಗೈಯಲ್ಲಿ ಕುಡುಗೋಲು ಹಿಡಿದು ಎಳೆದಳು, ಜಾರಿತು, ಮತ್ತೆ ಎಳೆದಳು, ಜಾರಿತು, ಹುರಿ ಹಿಡಿಯಲು ಒಂದು ಕೈ ಖಾಲಿ ಇತ್ತಲ್ಲ, ಹಲ್ಲೇಕೆ ಬೇಕಿತ್ತು, ಖಾಲಿ ಕೈ ಎಲ್ಲಿದೆ — ಬೆನ್ನ ಹಿಂದೆ. ಪರಕಾರದ ನಡುಪಟ್ಟಿಗೆ ಒತ್ತಿಕೊಂಡು, ಬೆರಳು ಮಡಚಿಕೊಂಡು, ಅಲ್ಲಿ. ಹೇಮಪ್ಪ ಬೀಸುಕಲ್ಲಿನ ಹತ್ತಿರ ನಿಂತಿದ್ದ, ಈ ಸಲ ಹಿತ್ತಲಿಗೆ ಹೋಗಲಿಲ್ಲ. ಬಾಳವ್ವ ಮಗಳ ಎದುರು ಕುಕ್ಕುರುಗಾಲಲ್ಲಿ ಕೂತಳು, ಅದು ನಿಮ್ಮವ್ವಂದು ನೀಲಿ, ನಿಮ್ಮವ್ವ ಎಡಗೈಲೆ ಕೊಯ್ತಿದ್ಲಂತ, ನನಗ ಇವತ್ತ ಗೊತ್ತಾತು, ನೀನೂ ಎಡಗೈಲೆ ಹಿಡದ ನೋಡ. ನೀಲಿಯ ಬಾಯಿಂದ ಹುರಿ ಬಿತ್ತು. ನಮ್ಮವ್ವಂದಾ, ಅಂದಳು, ಕುಡುಗೋಲನ್ನು ತಿರುಗಿಸಿದಳು, ಹಿಡಿಕೆಯ ಅರಿವೆ ಮುಟ್ಟಿದಳು, ಮೂಸಿದಳು, ಕಣ್ಣು ಅಗಲವಾಗಿ ಹೊಳೆಯಿತು, ಆ ಕಣ್ಣು ಅಪ್ಪನ ಕಡೆ ಹೋಯಿತು, ಅಪ್ಪ ತಲೆ ಆಡಿಸಿದ, ಹೌದವಾ, ಆಕೀದ. ಹಾಗೇ ಕಣ್ಣು ಬಾಳವ್ವನ ಕಡೆ ಬಂತು, ಅಲ್ಲಿ ಬಂದು ಹೊಳಪು ನಿಂತು ಅಳೆಯಿತು, ಇದು ಖರೆಯೋ ಪರೀಕ್ಷೆಯೋ ಅಂತ ಅಳೆಯುವ ನೋಟ, ಆ ನೋಟ ಬಾಳವ್ವನಿಗೆ ಹೊಸದಲ್ಲ, ಈವರೆಗೆ ಅದನ್ನು ಶಿಸ್ತು ಅಂತ ಕರೆದಿದ್ದಳು. ಹಿಡೀ ನನ ಮಗಳ, ಯಾರೂ ಏನೂ ಅನ್ನೂದಿಲ್ಲ, ನಾ ಅನ್ನೂದಿಲ್ಲ, ಅಂದಳು. ಸಿಟ್ಟಿಲ್ಲದ, ದುಃಖವೂ ಇಲ್ಲದ, ನೀರಿನಷ್ಟು ತಣ್ಣಗಿನ ಧ್ವನಿಯಲ್ಲಿ ನೀಲಿ ಹೇಳಿದಳು, ಎಡಗೈಗೆ ರೂಢಿ ಇಲ್ಲ ಚಿಗವ್ವ. ಕುಡುಗೋಲು ಬಲಗೈಯಲ್ಲೇ ಇದೆ, ಬಿಡಲೊಲ್ಲಳು, ಎದೆಗೆ ಒತ್ತಿ ಹಿಡಿದಿದ್ದಾಳೆ, ಕೌದಿ ತೋರಿಸಬೇಕು, ಹುಟ್ಟು ತೋರಿಸಬೇಕು, ಮಂಗ ಹೊಡೆದದ್ದು ಹೇಳಬೇಕು, ನರಗುಂದದಲ್ಲಿ ದಿನ ಬಹಳ ಇವೆ, ತಾಟಿನ ಮುಂದೆ ಕೂತಾಗ, ಎಷ್ಟು ದಿನ, ಎರಡು ವರ್ಷ ಕಟ್ಟಿದ್ದು ಬಿಚ್ಚಲು ಎಷ್ಟು ವರ್ಷ, ಎಲ್ಲ ಹೇಳಬೇಕು ಅಂದುಕೊಳ್ಳುತ್ತಾಳೆ, ಮಾತು ಮುಂದೆ ಹೋಗುವುದಿಲ್ಲ, ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ, ಹುಡುಗಿಯ ಬೆನ್ನ ಹಿಂದೆ, ಸೊಂಟದ ಹತ್ತಿರ, ಆ ಎಡಗೈ, ವಸ್ತ್ರವಿಲ್ಲ, ಗಂಟಿಲ್ಲ, ಬೆರಳು ಮಡಚಿಕೊಂಡು, ಅಲ್ಲೇ.